ತೊಟ್ಟ ರೂಪ ಮತ್ತು ತೊಟ್ಟವನು: ‘ಅವತಾರ’ದ ಹೊಸ ಚರಿತ್ರೆ

ದೈವವು ಮನುಷ್ಯಲೋಕಕ್ಕೆ ಇಳಿದು ಬರುವುದನ್ನು ನಮ್ಮ ಪೂರ್ವಿಕರು ‘ಅವತಾರ’ವೆಂದು ಕರೆದರು. ಅದೇ ಪದವು ಕಳೆದ ನಾಲ್ಕು ದಶಕಗಳಲ್ಲಿ ಗಣಕಯಂತ್ರದ ಪರಿಭಾಷೆಯನ್ನು ಸೇರಿ ಹೊಸ ಅರ್ಥವನ್ನು ಪಡೆದಿದೆ. 1985ರಲ್ಲಿ ರಿಚರ್ಡ್ ಗ್ಯಾರಿಯಟ್ ರೂಪಿಸಿದ ‘ಅಲ್ಟಿಮಾ 4’ ಎಂಬ ಆಟದಲ್ಲಿ, ಆಡುವವನು ಎಂಟು ಸದ್ಗುಣಗಳನ್ನು ಸಾಧಿಸಿ ‘ಅವತಾರ’ ಪದವಿಗೇರಬೇಕಾಗಿತ್ತು. ಮರುವರ್ಷ ಬಂದ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯ ‘ಹ್ಯಾಬಿಟಾಟ್’, ದೂರವಾಣಿ ತಂತಿಯ ಮೂಲಕ ಕೂಡುತ್ತಿದ್ದ ಆಟಗಾರರ ಚಿತ್ರರೂಪಗಳಿಗೆ ಈ ಹೆಸರನ್ನಿಟ್ಟಿತು. ನೀಲ್ ಸ್ಟೀಫನ್‌ಸನ್ ಅವರ ‘ಸ್ನೋ ಕ್ರ್ಯಾಷ್’ ಕಾದಂಬರಿ (1992) ಅದನ್ನು ಪ್ರಸಿದ್ಧಿಗೆ ತಂದಿತು. ಈಗ ಇಳಿಯುವವನು ಮನುಷ್ಯ. ಇಳಿಯುವ ಲೋಕ ಯಂತ್ರದ್ದು.

ತೊಟ್ಟ ರೂಪವು ತೊಟ್ಟವನ ನಡತೆಯನ್ನು ಬದಲಿಸಬಲ್ಲುದೆ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ನಿಕ್ ಯೀ ಮತ್ತು ಜೆರೆಮಿ ಬೇಲೆನ್‌ಸನ್ ಈ ಬಗೆಗಿನ ತಮ್ಮ ಪ್ರಯೋಗಗಳನ್ನು 2007ರಲ್ಲಿ ಪ್ರಕಟಿಸಿದರು. ತಲೆಗೆ ತೊಟ್ಟ ಸಾಧನದ ಮೂಲಕ ಕಲ್ಪಿತ ಕೋಣೆಯೊಂದನ್ನು ಹೊಕ್ಕವರು, ಅಲ್ಲಿನ ಕನ್ನಡಿಯಲ್ಲಿ ತಮ್ಮ ಹೊಸ ಮುಖವನ್ನು ಕಂಡರು. ಚೆಲುವಾದ ಮುಖವನ್ನು ಪಡೆದವರು ಅಪರಿಚಿತರಿಗೆ ಹೆಚ್ಚು ಸಮೀಪ ನಿಂತರು. ತಮ್ಮ ವಿಷಯವನ್ನು ಹೆಚ್ಚು ಬಿಚ್ಚಿ ಹೇಳಿದರು. ಎದುರಿನವರಿಗೆ ಆ ಚೆಲುವು ಕಾಣುತ್ತಲೇ ಇರಲಿಲ್ಲ. ಆದುದರಿಂದ ಆ ಧೈರ್ಯವು ಪರರ ಮೆಚ್ಚುಗೆಯಿಂದ ಬಂದುದಲ್ಲ, ತನ್ನನ್ನು ತಾನು ಕಂಡ ಬಗೆಯಿಂದ ಬಂದುದು. ಇನ್ನೊಂದು ಪ್ರಯೋಗದಲ್ಲಿ ನೂರು ಡಾಲರುಗಳನ್ನು ಹಂಚಿಕೊಳ್ಳಬೇಕಾಗಿತ್ತು. ಎತ್ತರದ ರೂಪ ಪಡೆದವರು ಬಿಗಿಯಾಗಿ ವ್ಯವಹರಿಸಿದರು. ಕುಳ್ಳ ರೂಪದವರು 75ಕ್ಕೆ 25ರಂತಹ ಅನ್ಯಾಯದ ಪಾಲಿಗೂ ಸುಲಭವಾಗಿ ಒಪ್ಪಿದರು. ರೂಪ ಬದಲಿಸುವ ಗ್ರೀಕ್ ಸಮುದ್ರದೇವತೆಯ ಹೆಸರಿನಿಂದ ಇದನ್ನು ‘ಪ್ರೋಟಿಯಸ್ ಪರಿಣಾಮ’ ಎನ್ನುತ್ತಾರೆ. ಸಾಧನವನ್ನು ಕಳಚಿ ಮುಖಾಮುಖಿ ಕುಳಿತಾಗಲೂ ಎತ್ತರದ ರೂಪ ಪಡೆದಿದ್ದವರ ಬಿಗಿ ಸಡಿಲಲಿಲ್ಲವೆಂಬುದು 2009ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನದಿಂದ ತಿಳಿಯಿತು.

ಕಾಸರಗೋಡಿನವರಾದ ನಮಗೆ ಆ ಕನ್ನಡಿ ಅಪರಿಚಿತವಲ್ಲ. ತೆಯ್ಯಂ ಕಟ್ಟುವವನು ಬಣ್ಣ ಬರೆಸಿಕೊಂಡು, ಮುಡಿ ಏರಿಸಿಕೊಂಡ ಮೇಲೆ ಕೈಗನ್ನಡಿಯಲ್ಲಿ ಮುಖವನ್ನು ನೋಡಿಕೊಳ್ಳುತ್ತಾನೆ. ಅಲ್ಲಿ ಅವನಿಗೆ ಕಾಣುವುದು ತನ್ನ ಮುಖವಲ್ಲ, ದೈವದ ಮುಖ. ಆ ಕ್ಷಣದಿಂದ ಅವನ ನಡೆ, ನುಡಿ, ದೃಷ್ಟಿ ಎಲ್ಲವೂ ಬೇರೆ. ವಣ್ಣಾನ್, ಮಲಯನ್, ವೇಲನ್ ಮೊದಲಾದ ಸಮುದಾಯಗಳ ಆ ಕಲಾವಿದನೆದುರು ಮೇಲುಜಾತಿಯ ಯಜಮಾನರೂ ಕೈಮುಗಿದು ನಿಲ್ಲುತ್ತಾರೆ. ಪೊಟ್ಟನ್ ತೆಯ್ಯಂ ಅಂತೂ ಜಾತಿಭೇದವನ್ನೇ ನೇರವಾಗಿ ಪ್ರಶ್ನಿಸುತ್ತದೆ.

ಆದರೆ ಮುಡಿ ಇಳಿದ ಮೇಲೆ ಏನಾಗುತ್ತಿತ್ತು? ರಾತ್ರಿ ಊರಿಗೆಲ್ಲ ಅಭಯವಿತ್ತವನು ಬೆಳಗಾದೊಡನೆ ಅದೇ ಊರಿನಲ್ಲಿ ದೂರ ನಿಲ್ಲಬೇಕಾಗಿತ್ತು. ದೈವವೇ ಆಗಿದ್ದವನಿಗೆ ದೇವಾಲಯದ ಬಾಗಿಲು ಮುಚ್ಚಿತ್ತು. ಅಂದು ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆ ಪ್ರಾಂತದ 1947ರ ದೇವಾಲಯ ಪ್ರವೇಶ ಕಾಯಿದೆಯು ಎಲ್ಲ ಜಾತಿಯ ಹಿಂದೂಗಳಿಗೂ ಪ್ರವೇಶದ ಹಕ್ಕನ್ನು ನೀಡಿತು. ವೇಷವು ತಲೆಮಾರುಗಳ ಕಾಲ ಧೈರ್ಯವನ್ನು ಕೊಟ್ಟಿತ್ತು. ಆ ಧೈರ್ಯಕ್ಕೆ ಹಗಲಿನಲ್ಲಿ ನಿಲ್ಲುವ ನೆಲೆಯನ್ನು ಕೊಡಲು ಚಳವಳಿ ಮತ್ತು ಕಾನೂನು ಬೇಕಾದವು.

ಇಂದಿನ ಅವತಾರಗಳ ಕುರಿತು ಹಿರಿಯರಲ್ಲಿ ಭಯವೂ ತಾತ್ಸಾರವೂ ಇವೆ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಪರದೆಯ ಮೇಲೆ ಒಂದು ತಂಡವನ್ನೇ ಮುನ್ನಡೆಸಿದರೆ ಅದನ್ನು ಬರಿಯ ಆಟವೆಂದು ತಳ್ಳಿಹಾಕುತ್ತೇವೆ. ಅವಳ ಧೈರ್ಯ ಸುಳ್ಳಲ್ಲವೆಂದು ಮೇಲಿನ ಪ್ರಯೋಗಗಳೂ ತೆಯ್ಯಮಿನ ಚರಿತ್ರೆಯೂ ಹೇಳುತ್ತವೆ. ಅದು ತಾನಾಗಿಯೇ ಬಾಳಿನುದ್ದಕ್ಕೂ ಉಳಿಯುವುದೆಂದು ಮಾತ್ರ ಎರಡೂ ಹೇಳುವುದಿಲ್ಲ. ಕುಳ್ಳ ರೂಪವು ಮನುಷ್ಯನನ್ನು ಕುಗ್ಗಿಸಿದ್ದನ್ನೂ ಮರೆಯಬಾರದು. ಮಕ್ಕಳಿಗೆ ಯಾವ ರೂಪ ದೊರೆಯುತ್ತಿದೆಯೆಂದು ಗಮನಿಸಬೇಕು. ಪರದೆಯಾಚೆ ಅವರು ತಮ್ಮದೇ ಮುಖದಲ್ಲಿ ಮಾತನಾಡುವಾಗ ಕೇಳಿಸಿಕೊಳ್ಳುವ ಮನೆ, ತರಗತಿ, ಸಭೆಗಳನ್ನು ಒದಗಿಸುವುದು ನಮ್ಮ ಕೆಲಸ. ಇಂತಹ ಸಮ್ಮೇಳನಗಳ ವೇದಿಕೆಯಲ್ಲಿ ಅವರಿಗೆ ಹತ್ತು ನಿಮಿಷಗಳನ್ನು ಮೀಸಲಿಟ್ಟು ಅದನ್ನು ಆರಂಭಿಸಬಹುದು.