ಕೊಲಂಬಿಯಾ ವಿಶ್ವವಿದ್ಯಾಲಯದ ಪ್ಯಾಲೆಸ್ತೀನ್ ಪರ ವಿದ್ಯಾರ್ಥಿ ಚಳವಳಿ ಮತ್ತು ಯೆಹೂದಿ ದ್ವೇಷದ ವಿವಾದ

ಅಮೆರಿಕದ ನ್ಯೂಯಾರ್ಕ್ ನಗರದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 2023ರ ಅಕ್ಟೋಬರ್‌ನಿಂದ ತೀವ್ರಗೊಂಡು, 2024ರ ಏಪ್ರಿಲ್‌ನಲ್ಲಿ ಡೇರೆ ಧರಣಿ ಮತ್ತು ಕಟ್ಟಡ ವಶದ ಮಟ್ಟಕ್ಕೆ ಹೋದ ಚಳವಳಿ. ಇಸ್ರೇಲ್‌ಗೆ ಸಂಬಂಧಿಸಿದ ಕಂಪನಿಗಳಲ್ಲಿ ವಿಶ್ವವಿದ್ಯಾಲಯ ಹೂಡಿದ ಹಣವನ್ನು ಹಿಂದಕ್ಕೆ ಪಡೆಯಬೇಕು ಎಂಬುದು ಅದರ ಮುಖ್ಯ ಬೇಡಿಕೆ. ಚಳವಳಿಯ ಕೆಲವು ಘೋಷಣೆ, ಫಲಕ, ಹೇಳಿಕೆಗಳಲ್ಲಿ ಯೆಹೂದಿ ದ್ವೇಷವೂ ಹಿಂಸೆಯ ಸಮರ್ಥನೆಯೂ ಇದೆ ಎಂಬ ಆಕ್ಷೇಪ ಮೊದಲ ವಾರದಿಂದಲೇ ಕೇಳಿಬಂತು. ಮುಂದೆ ಈ ಆಕ್ಷೇಪ ಅಮೆರಿಕದ ಸಂಸತ್ತು, ನ್ಯಾಯಾಲಯ, ವಲಸೆ ಇಲಾಖೆಗಳನ್ನು ಮುಟ್ಟಿತು.

ಹಿನ್ನೆಲೆ

1754ರಲ್ಲಿ ಕಿಂಗ್ಸ್ ಕಾಲೇಜ್ ಎಂಬ ಹೆಸರಿನಲ್ಲಿ ಆರಂಭವಾದ ಸಂಸ್ಥೆ ಇದು. 1913ರಿಂದ 1916ರವರೆಗೆ ಬಿ.ಆರ್. ಅಂಬೇಡ್ಕರ್ ಓದಿದ ಜಾಗವಾದ್ದರಿಂದ ಕನ್ನಡ ಓದುಗರಿಗೆ ಹೆಸರು ಹೊಸದಲ್ಲ. ಪ್ಯಾಲೆಸ್ತೀನ್ ಪ್ರಶ್ನೆಯ ಮಟ್ಟಿಗೆ ಈ ಸಂಸ್ಥೆಯ ಚರಿತ್ರೆಗೆ ಎರಡು ಎಳೆಗಳಿವೆ. ಪ್ಯಾಲೆಸ್ತೀನಿ ಮೂಲದ ಚಿಂತಕ ಎಡ್ವರ್ಡ್ ಸೈದ್ 1963ರಿಂದ 2003ರಲ್ಲಿ ತೀರಿಕೊಳ್ಳುವವರೆಗೆ ಪಾಠ ಮಾಡಿದ್ದು ಇಲ್ಲಿ. ಒಂದು ಕಾಲದಲ್ಲಿ ಯೆಹೂದಿ ಹುಡುಗರ ಪ್ರವೇಶಕ್ಕೆ ಗುಟ್ಟಾಗಿ ಮಿತಿ ಹಾಕಿದ ಅಮೆರಿಕದ ಮೊದಲ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಒಂದೂ ಇದೇ. ಆ ಮಿತಿ ಹೋದ ಮೇಲೆ ಯೆಹೂದಿ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿ ಬಂದರು. ಟೆಲ್ ಅವೀವ್ ವಿಶ್ವವಿದ್ಯಾಲಯದೊಂದಿಗೆ ಜಂಟಿ ಪದವಿಯೂ ಶುರುವಾಯಿತು. ಹೀಗಾಗಿ ದೂರದ ಯುದ್ಧವೊಂದು ಇಲ್ಲಿ ದೂರದ ಯುದ್ಧವಾಗಿ ಉಳಿಯುವಂತಿರಲಿಲ್ಲ. ಒಂದೇ ತರಗತಿಯಲ್ಲಿ ಗಾಜಾದಲ್ಲಿ ನೆಂಟರನ್ನು ಕಳೆದುಕೊಂಡವರೂ ಇಸ್ರೇಲ್‌ನಲ್ಲಿ ಒತ್ತೆಯಾಳಾದವರ ಪರಿಚಯಸ್ಥರೂ ಕೂರುವ ಊರದು.

ಪ್ರತಿಭಟನೆಯ ಪರಂಪರೆಯೂ ಹಳೆಯದು. 1968ರ ಏಪ್ರಿಲ್‌ನಲ್ಲಿ ವಿಯೆಟ್ನಾಂ ಯುದ್ಧಕ್ಕೆ ನೆರವಾಗುವ ಸಂಶೋಧನೆಯನ್ನೂ, ಹಾರ್ಲೆಮ್‌ನ ಕಪ್ಪು ಜನರ ಬಡಾವಣೆಗೆ ತಾಗಿದ ಉದ್ಯಾನದಲ್ಲಿ ಕಟ್ಟಹೊರಟಿದ್ದ ವ್ಯಾಯಾಮಶಾಲೆಯನ್ನೂ ವಿರೋಧಿಸಿ ವಿದ್ಯಾರ್ಥಿಗಳು ಹ್ಯಾಮಿಲ್ಟನ್ ಹಾಲ್ ಸೇರಿ ಐದು ಕಟ್ಟಡಗಳನ್ನು ವಶಪಡಿಸಿಕೊಂಡರು. ಏಪ್ರಿಲ್ 30ರಂದು ಪೊಲೀಸರು ನುಗ್ಗಿ ಸುಮಾರು 700 ಮಂದಿಯನ್ನು ಬಂಧಿಸಿದರು. 1985ರಲ್ಲಿ ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾದಿಂದ ಹೂಡಿಕೆ ಹಿಂಪಡೆಯಬೇಕೆಂದು ಅದೇ ಹ್ಯಾಮಿಲ್ಟನ್ ಹಾಲ್ ಮುಂದೆ ಮೂರು ವಾರ ಧರಣಿ ನಡೆಯಿತು. ಕಟ್ಟಡಕ್ಕೆ ಮಂಡೇಲಾ ಹೆಸರಿಟ್ಟರು. ಆ ವರ್ಷದ ಅಕ್ಟೋಬರ್‌ನಲ್ಲಿ ಆಡಳಿತ ಮಂಡಳಿ ಒಪ್ಪಿತು. 2024ರ ವಿದ್ಯಾರ್ಥಿಗಳು ಈ ಎರಡೂ ಕತೆಗಳನ್ನು ಬಾಯಿಪಾಠ ಮಾಡಿಕೊಂಡೇ ಹುಲ್ಲುಹಾಸಿಗೆ ಇಳಿದಿದ್ದರು.

ಯೆಹೂದಿ ದ್ವೇಷದ ದೂರು ಕೂಡ 2023ರಲ್ಲಿ ದಿಢೀರನೆ ಹುಟ್ಟಿದ್ದಲ್ಲ. ಮಧ್ಯಪ್ರಾಚ್ಯ ಅಧ್ಯಯನ ವಿಭಾಗದ ಕೆಲವು ಅಧ್ಯಾಪಕರು ಇಸ್ರೇಲ್ ಪರ ವಿದ್ಯಾರ್ಥಿಗಳನ್ನು ಬೆದರಿಸುತ್ತಾರೆಂದು ಆರೋಪಿಸುವ ಸಾಕ್ಷ್ಯಚಿತ್ರವೊಂದು 2004ರಲ್ಲಿ ಬಂದಿತ್ತು. ಮರುವರ್ಷ ಅಧ್ಯಾಪಕರದೇ ಸಮಿತಿ ವಿಚಾರಣೆ ನಡೆಸಿ, ಯೆಹೂದಿ ದ್ವೇಷವೆನ್ನಬಹುದಾದ ಮಾತಿಗೆ ಪುರಾವೆ ಸಿಗಲಿಲ್ಲ, ಆದರೆ ದೂರು ಹೇಳಿಕೊಳ್ಳಲು ಸರಿಯಾದ ದಾರಿಯೇ ಇಲ್ಲ ಎಂದಿತು. ಇಪ್ಪತ್ತು ವರ್ಷದ ಬಳಿಕ ಸಂಸ್ಥೆ ಎಡವಿದ್ದು ಇದೇ ಕಲ್ಲಿಗೆ.

ಬೇಡಿಕೆ

ಇಸ್ರೇಲ್ ವಿರುದ್ಧ ಬಹಿಷ್ಕಾರ, ಹೂಡಿಕೆ ಹಿಂತೆಗೆತ ಮತ್ತು ನಿರ್ಬಂಧಗಳಿಗೆ ಪ್ಯಾಲೆಸ್ತೀನಿ ಸಂಘಟನೆಗಳು 2005ರಲ್ಲಿ ಕರೆ ಕೊಟ್ಟವು. ಕೊಲಂಬಿಯಾದಲ್ಲಿ ಆ ಕರೆಯನ್ನು ಎತ್ತಿಕೊಂಡ ಒಕ್ಕೂಟ 'ಕೊಲಂಬಿಯಾ ಯೂನಿವರ್ಸಿಟಿ ಅಪಾರ್ಟೈಡ್ ಡೈವೆಸ್ಟ್' 2016ರಲ್ಲಿ ರೂಪುಗೊಂಡಿತು. 2020ರಲ್ಲಿ ಕೊಲಂಬಿಯಾ ಕಾಲೇಜಿನ ವಿದ್ಯಾರ್ಥಿಗಳ ಮತದಾನದಲ್ಲಿ ಶೇ. 61 ಮಂದಿ ಹೂಡಿಕೆ ಹಿಂತೆಗೆತದ ಪರ ನಿಂತರು; ಅಂದಿನ ಅಧ್ಯಕ್ಷ ಲೀ ಬೋಲಿಂಜರ್ ಒಪ್ಪಲಿಲ್ಲ. ವಿಶ್ವವಿದ್ಯಾಲಯದ ದತ್ತಿನಿಧಿ ಆಗ ಸಾವಿರ ಕೋಟಿ ಡಾಲರ್ ದಾಟಿತ್ತು. ಅದರಲ್ಲಿ ಎಷ್ಟು ಪಾಲು ಯಾವ ಕಂಪನಿಯಲ್ಲಿದೆ ಎಂಬುದು ಹೊರಗಿನವರಿಗೆ ಕಾಣುತ್ತಿರಲಿಲ್ಲ. ಹಾಗಾಗಿ ಲೆಕ್ಕ ಬಹಿರಂಗಪಡಿಸಿ ಎಂಬುದೂ ಬೇಡಿಕೆಯ ಅರ್ಧಭಾಗವಾಯಿತು.

2023ರ ಅಕ್ಟೋಬರ್ ನಂತರ

ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಇಸ್ರೇಲ್‌ನಲ್ಲಿ ಸುಮಾರು 1,200 ಮಂದಿ ಸತ್ತರು, ಸುಮಾರು 250 ಮಂದಿ ಒತ್ತೆಯಾಳಾದರು. ಇಸ್ರೇಲ್‌ನ ಪ್ರತಿದಾಳಿಯಲ್ಲಿ 2024ರ ಏಪ್ರಿಲ್ ಕೊನೆಯ ಹೊತ್ತಿಗೆ 34,000ಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು ಸತ್ತರೆಂದು ಗಾಜಾದ ಆರೋಗ್ಯ ಸಚಿವಾಲಯ ಹೇಳಿತು.

ಕ್ಯಾಂಪಸ್ಸು ಕೆಲವೇ ದಿನಗಳಲ್ಲಿ ಇಬ್ಭಾಗವಾಯಿತು. ಅಕ್ಟೋಬರ್ 11ರಂದು ಬಟ್ಲರ್ ಗ್ರಂಥಾಲಯದ ಮುಂದೆ ಇಸ್ರೇಲಿ ವಿದ್ಯಾರ್ಥಿಯೊಬ್ಬನಿಗೆ ಕೋಲಿನಿಂದ ಹೊಡೆದ ಪ್ರಕರಣ ದಾಖಲಾಯಿತು. ಅದೇ ತಿಂಗಳು, ಪ್ಯಾಲೆಸ್ತೀನ್ ಪರ ಹೇಳಿಕೆಗಳಿಗೆ ಸಹಿ ಹಾಕಿದವರೆಂದು ವಿದ್ಯಾರ್ಥಿಗಳ ಫೋಟೊ, ಹೆಸರುಗಳನ್ನು ದೊಡ್ಡ ಪರದೆಯಲ್ಲಿ ಹೊತ್ತು 'ಯೆಹೂದಿ ದ್ವೇಷಿಗಳು' ಎಂದು ಸಾರುವ ಲಾರಿ ಗೇಟಿನ ಸುತ್ತ ತಿರುಗಿತು. ನವೆಂಬರ್ 10ರಂದು ಆಡಳಿತವು 'ಸ್ಟೂಡೆಂಟ್ಸ್ ಫಾರ್ ಜಸ್ಟಿಸ್ ಇನ್ ಪ್ಯಾಲೆಸ್ತೀನ್' ಮತ್ತು 'ಜ್ಯೂಯಿಷ್ ವಾಯ್ಸ್ ಫಾರ್ ಪೀಸ್' ಸಂಘಟನೆಗಳ ಸ್ಥಳೀಯ ಘಟಕಗಳನ್ನು ಅಮಾನತು ಮಾಡಿತು. ಎರಡನೆಯದು ಯೆಹೂದಿಗಳದೇ ಸಂಘಟನೆ ಎಂಬುದನ್ನು ಮರೆಯಬಾರದು. ಅಮಾನತಿನಿಂದ ಚಳವಳಿ ನಿಲ್ಲಲಿಲ್ಲ. ನೋಂದಣಿ, ಸಲಹೆಗಾರರು, ನಿಯಮ ಯಾವುದರ ಹಂಗೂ ಇಲ್ಲದ 'ಅಪಾರ್ಟೈಡ್ ಡೈವೆಸ್ಟ್' ಒಕ್ಕೂಟದ ಕೈಗೆ ಹೋಯಿತು. ನೂರಕ್ಕೂ ಹೆಚ್ಚು ವಿದ್ಯಾರ್ಥಿ ಗುಂಪುಗಳು ಅದಕ್ಕೆ ಹೆಸರು ಕೊಟ್ಟವು.

ಡೇರೆಗಳು

ಡಿಸೆಂಬರ್‌ನಲ್ಲಿ ಹಾರ್ವರ್ಡ್, ಪೆನ್ಸಿಲ್ವೇನಿಯಾ ಮತ್ತು ಎಂಐಟಿ ಅಧ್ಯಕ್ಷೆಯರನ್ನು ಅಮೆರಿಕದ ಕೆಳಮನೆಯ ಶಿಕ್ಷಣ ಸಮಿತಿ ಯೆಹೂದಿ ದ್ವೇಷದ ವಿಷಯವಾಗಿ ಪ್ರಶ್ನಿಸಿತ್ತು. ಯೆಹೂದಿಗಳ ನರಮೇಧಕ್ಕೆ ಕರೆ ಕೊಡುವುದು ನಿಯಮ ಉಲ್ಲಂಘನೆಯೇ ಎಂಬ ಪ್ರಶ್ನೆಗೆ ವಕೀಲರ ಧಾಟಿಯಲ್ಲಿ ಉತ್ತರಿಸಿದ ಮೊದಲಿಬ್ಬರು ವಾರಗಳಲ್ಲೇ ಹುದ್ದೆ ಬಿಟ್ಟರು. ಕೊಲಂಬಿಯಾ ಅಧ್ಯಕ್ಷೆ ಮಿನೂಶ್ ಶಫೀಕ್ ಅದೇ ಸಮಿತಿಯ ಮುಂದೆ ಹಾಜರಾದದ್ದು 2024ರ ಏಪ್ರಿಲ್ 17ರಂದು. ಅಂದು ನಸುಕಿನಲ್ಲಿ, ಅವರು ವಾಷಿಂಗ್ಟನ್‌ನಲ್ಲಿದ್ದಾಗಲೇ, ಬಟ್ಲರ್ ಗ್ರಂಥಾಲಯದ ಮುಂದಿನ ಹುಲ್ಲುಹಾಸಿನಲ್ಲಿ ಡೇರೆಗಳು ಎದ್ದವು.

ಮರುದಿನ ಶಫೀಕ್ ನಗರ ಪೊಲೀಸರನ್ನು ಕರೆಸಿದರು. ನೂರಕ್ಕೂ ಹೆಚ್ಚು ಮಂದಿ ಬಂಧಿತರಾದರು. ಪೊಲೀಸರು ಒಂದು ಹುಲ್ಲುಹಾಸು ತೆರವು ಮಾಡುತ್ತಿದ್ದಂತೆ ಪಕ್ಕದ ಹುಲ್ಲುಹಾಸಿಗೆ ವಿದ್ಯಾರ್ಥಿಗಳು ಬೇಲಿ ಹಾರಿದರು. ಅಲ್ಲಿಯವರೆಗೆ ಒಂದು ಕ್ಯಾಂಪಸ್ಸಿನ ಸುದ್ದಿಯಾಗಿದ್ದದ್ದು ಆ ಬಂಧನದ ಚಿತ್ರಗಳಿಂದ ದೇಶದ ಸುದ್ದಿಯಾಯಿತು. ಯೇಲ್, ಟೆಕ್ಸಸ್, ಕ್ಯಾಲಿಫೋರ್ನಿಯಾ ಎಂದು ಡೇರೆಗಳು ಹಬ್ಬಿದವು. ಆ ವಸಂತದಲ್ಲಿ ದೇಶಾದ್ಯಂತ ಮೂರು ಸಾವಿರಕ್ಕೂ ಹೆಚ್ಚು ಬಂಧನಗಳಾದವು.

ಡೇರೆಯೊಳಗಿನ ದಿನಚರಿ ಹೊರಗಿನವರು ಊಹಿಸಿದಷ್ಟು ಉಗ್ರವಾಗಿರಲಿಲ್ಲ. ಪುಸ್ತಕದ ಕಪಾಟು, ಊಟದ ಸಾಲು, ಭಾಷಣ, ನಮಾಜು. ಏಪ್ರಿಲ್ 22ರ ಸಂಜೆ ಯೆಹೂದಿ ವಿದ್ಯಾರ್ಥಿಗಳು ಅಲ್ಲೇ ಪಾಸ್‌ಓವರ್ ಹಬ್ಬದ ಊಟ ಮಾಡಿದರು. ಆದರೆ ಅದರ ಹಿಂದಿನ ಎರಡು ದಿನಗಳ ಚಿತ್ರ ಬೇರೆಯೇ. 20ರ ರಾತ್ರಿ ಇಸ್ರೇಲ್ ಬಾವುಟ ಹಿಡಿದು ನಿಂತ ವಿದ್ಯಾರ್ಥಿಗಳ ಮುಂದೆ ಒಬ್ಬರು, ಹಮಾಸ್‌ನ ಸಶಸ್ತ್ರ ದಳದ ಮುಂದಿನ ಗುರಿ ಇವರೇ ಎಂದು ಬಾಣದ ಗುರುತು ಹಾಕಿದ ಫಲಕ ಹಿಡಿದರು. ಗೇಟಿನ ಬಳಿ ಯೆಹೂದಿ ವಿದ್ಯಾರ್ಥಿಗಳಿಗೆ ಪೋಲೆಂಡಿಗೆ ಹೋಗಿ ಎಂದು ಕೂಗಿದ್ದು ವಿಡಿಯೊದಲ್ಲಿ ದಾಖಲಾಯಿತು. ಕ್ಯಾಂಪಸ್ಸಿನ ಸಂಪ್ರದಾಯಸ್ಥ ಯೆಹೂದಿ ವಿದ್ಯಾರ್ಥಿಗಳ ರಬ್ಬಿ ಮರುದಿನ, ಸದ್ಯಕ್ಕೆ ಮನೆಗೆ ಹೋಗುವುದೇ ಲೇಸು ಎಂದು ಸಂದೇಶ ಕಳಿಸಿದರು. ಕೂಗಿದವರು ನಮ್ಮವರಲ್ಲ, ಗೇಟಿನಾಚೆಯವರು ಎಂದರು ಸಂಘಟಕರು. ಕೆಲವು ಘಟನೆಗಳ ಮಟ್ಟಿಗೆ ಅದು ನಿಜವೂ ಹೌದು, ಫಲಕದ ಮಟ್ಟಿಗೆ ಅಲ್ಲ; ಅದನ್ನು ಹಿಡಿದದ್ದು ಕ್ಯಾಂಪಸ್ಸಿನ ಒಳಗೇ.

ಹ್ಯಾಮಿಲ್ಟನ್ ಹಾಲ್

ಆಡಳಿತದೊಂದಿಗಿನ ಮಾತುಕತೆ ಮುರಿದುಬಿದ್ದ ಮೇಲೆ ಏಪ್ರಿಲ್ 29ರ ಮಧ್ಯರಾತ್ರಿ ದಾಟಿ 30 ಹುಟ್ಟುತ್ತಿದ್ದಂತೆ ಒಂದು ಗುಂಪು ಗಾಜು ಒಡೆದು ಹ್ಯಾಮಿಲ್ಟನ್ ಹಾಲ್ ಹೊಕ್ಕಿತು. ಗಾಜಾದಲ್ಲಿ ಜನವರಿಯಲ್ಲಿ ಕಾರಿನಲ್ಲೇ ಸತ್ತ ಪುಟ್ಟ ಹುಡುಗಿ ಹಿಂದ್ ರಜಬ್‌ಳ ಹೆಸರಿನ ಬ್ಯಾನರ್ ಕಟ್ಟಡದ ಮುಂಭಾಗದಲ್ಲಿ ಇಳಿಬಿತ್ತು. 30ರ ರಾತ್ರಿ ಪೊಲೀಸರು ಏಣಿಯುಳ್ಳ ವಾಹನ ತಂದು ಎರಡನೆಯ ಮಹಡಿಯ ಕಿಟಕಿಯಿಂದ ಒಳನುಗ್ಗಿದರು. 1968ರ ಪೊಲೀಸ್ ಕಾರ್ಯಾಚರಣೆಗೆ ಅಂದಿಗೆ ಸರಿಯಾಗಿ 56 ವರ್ಷ. ಒಳಗಿದ್ದಾಗ ಒಬ್ಬ ಅಧಿಕಾರಿಯ ಪಿಸ್ತೂಲು ಅಕಸ್ಮಾತ್ತಾಗಿ ಸಿಡಿಯಿತು, ಯಾರಿಗೂ ತಾಗಲಿಲ್ಲ. ಕೊಲಂಬಿಯಾದಲ್ಲಿ ನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಅವರಲ್ಲಿ ಸುಮಾರು ಶೇ. 29 ಮಂದಿ ವಿಶ್ವವಿದ್ಯಾಲಯಕ್ಕೆ ಸಂಬಂಧಿಸಿದವರಲ್ಲ ಎಂದು ಪೊಲೀಸರು ಹೇಳಿದರು. ಪದವಿ ಪ್ರದಾನದ ಮುಖ್ಯ ಸಮಾರಂಭ ರದ್ದಾಯಿತು. ಜೂನ್‌ನಲ್ಲಿ ಜಿಲ್ಲಾ ಅಟಾರ್ನಿ ಹ್ಯಾಮಿಲ್ಟನ್ ಹಾಲ್ ಪ್ರಕರಣದ ಹೆಚ್ಚಿನ ಆರೋಪಿಗಳ ಮೇಲಿನ ಮೊಕದ್ದಮೆ ಕೈಬಿಟ್ಟರು. ಆಗಸ್ಟ್ 14ರಂದು ಶಫೀಕ್ ರಾಜೀನಾಮೆ ಕೊಟ್ಟರು. ಒಂದು ಪಕ್ಷಕ್ಕೆ ಅವರು ಪೊಲೀಸರನ್ನು ಕರೆದವರು, ಇನ್ನೊಂದಕ್ಕೆ ಕರೆಯಲು ತಡಮಾಡಿದವರು.

ಘೋಷಣೆಗಳ ಅರ್ಥ

ವಿವಾದದ ತಿರುಳು ಇರುವುದು ಇಲ್ಲಿ. ಡೇರೆಗಳ ಸುತ್ತ ಹೆಚ್ಚು ಕೇಳಿಬಂದ ಘೋಷಣೆ ಜೋರ್ಡನ್ ನದಿಯಿಂದ ಮೆಡಿಟರೇನಿಯನ್ ಸಮುದ್ರದವರೆಗೆ ಪ್ಯಾಲೆಸ್ತೀನ್ ಸ್ವತಂತ್ರವಾಗುತ್ತದೆ ಎಂಬುದು. ಆ ನೆಲದಲ್ಲಿ ಎಲ್ಲರಿಗೂ ಸಮಾನ ಹಕ್ಕು ಎಂದೇ ಇದರರ್ಥ ಎನ್ನುತ್ತಾರೆ ಕೂಗಿದವರಲ್ಲಿ ಬಹಳ ಮಂದಿ. ಅದೇ ನೆಲದಲ್ಲಿ ಇಸ್ರೇಲ್ ಇದೆ, ಎಪ್ಪತ್ತು ಲಕ್ಷದಷ್ಟು ಯೆಹೂದಿಗಳಿದ್ದಾರೆ, ಅವರೆಲ್ಲಿ ಹೋಗಬೇಕು ಎಂದು ಕೇಳುತ್ತಾರೆ ಕಿವಿಗೊಟ್ಟವರು. ಹಮಾಸ್ 2017ರ ತನ್ನ ದಾಖಲೆಯಲ್ಲಿ ಇದೇ ಗಡಿಯನ್ನು ಬಳಸಿದೆ. ನದಿಗೂ ಸಮುದ್ರಕ್ಕೂ ನಡುವೆ ಇಸ್ರೇಲಿ ಸಾರ್ವಭೌಮತೆ ಮಾತ್ರ ಎಂದು 1977ರಲ್ಲಿ ಪ್ರಣಾಳಿಕೆ ಬರೆದ ಪಕ್ಷ ಇಸ್ರೇಲ್‌ನ ಲಿಕುಡ್. ಶಫೀಕ್ ಹಾಜರಾಗುವ ಹಿಂದಿನ ದಿನ, ಏಪ್ರಿಲ್ 16ರಂದು, ಅಮೆರಿಕದ ಕೆಳಮನೆ 377-44 ಮತಗಳಿಂದ ಈ ಘೋಷಣೆಯನ್ನು ಯೆಹೂದಿ ದ್ವೇಷವೆಂದು ಖಂಡಿಸಿತ್ತು.

'ಇಂತಿಫಾದಾ' ಎಂಬ ಅರಬ್ಬಿ ಪದದ ಮೂಲಾರ್ಥ ಮೈ ಕೊಡವಿಕೊಳ್ಳುವುದು. 1987ರಲ್ಲಿ ಶುರುವಾದ ಮೊದಲನೆಯದನ್ನು ನೆನೆದವರಿಗೆ ಅದು ಮುಷ್ಕರ, ಕಲ್ಲು, ಬೀದಿ. 2000ರಲ್ಲಿ ಶುರುವಾದ ಎರಡನೆಯದರಲ್ಲಿ ಸುಮಾರು ಸಾವಿರ ಇಸ್ರೇಲಿಗಳೂ ಮೂರು ಸಾವಿರಕ್ಕೂ ಹೆಚ್ಚು ಪ್ಯಾಲೆಸ್ತೀನಿಯರೂ ಸತ್ತರು. ಜೆರುಸಲೇಮಿನ ಬಸ್ಸಿನಲ್ಲಿ ಬಂಧುವನ್ನು ಕಳೆದುಕೊಂಡವನಿಗೆ 'ಜಗತ್ತಿನೆಲ್ಲೆಡೆ ಇಂತಿಫಾದಾ' ಎಂಬ ಕೂಗು ನಿಘಂಟಿನ ಅರ್ಥದಲ್ಲಿ ಕೇಳಿಸುವುದಿಲ್ಲ.

ಅಳತೆಗೋಲಿನ ಬಗ್ಗೆಯೂ ಒಮ್ಮತವಿಲ್ಲ. ಅಂತರರಾಷ್ಟ್ರೀಯ ಹಾಲೊಕಾಸ್ಟ್ ಸ್ಮರಣಾ ಒಕ್ಕೂಟ 2016ರಲ್ಲಿ ಒಪ್ಪಿದ, ಯೆಹೂದಿ ದ್ವೇಷದ ವ್ಯಾಖ್ಯೆ ಹನ್ನೊಂದು ಉದಾಹರಣೆ ಕೊಡುತ್ತದೆ, ಅವುಗಳಲ್ಲಿ ಹೆಚ್ಚಿನವು ಇಸ್ರೇಲ್ ಕುರಿತವು. ಇಸ್ರೇಲ್ ರಾಜ್ಯದ ಟೀಕೆಯನ್ನೇ ಇದು ದ್ವೇಷದ ಲೆಕ್ಕಕ್ಕೆ ಸೇರಿಸುತ್ತದೆ ಎಂದು ಆಕ್ಷೇಪಿಸಿದ ವಿದ್ವಾಂಸರು 2021ರಲ್ಲಿ ಜೆರುಸಲೇಮ್ ಘೋಷಣೆ ಎಂಬ ಪರ್ಯಾಯ ತಂದರು. ಮೊದಲ ವ್ಯಾಖ್ಯೆಯ ಕರಡು ಬರೆದವರಲ್ಲಿ ಪ್ರಮುಖರಾದ ಕೆನೆತ್ ಸ್ಟರ್ನ್ ಅವರೇ, ಅದು ಅಂಕಿಅಂಶ ಸಂಗ್ರಹಕ್ಕೆಂದು ಬರೆದದ್ದು, ಕ್ಯಾಂಪಸ್ಸಿನಲ್ಲಿ ಮಾತನ್ನು ಶಿಕ್ಷಿಸಲು ಅಲ್ಲ ಎಂದು ಪದೇ ಪದೇ ಹೇಳಿದ್ದಾರೆ.

ದಾಖಲಾದ ದೂರುಗಳು

ವ್ಯಾಖ್ಯೆಯ ಜಗಳಕ್ಕೆ ಸಿಗದ ಸಂಗತಿಗಳೂ ಇವೆ. ವಿಶ್ವವಿದ್ಯಾಲಯದ ಯೆಹೂದಿ ದ್ವೇಷ ಕಾರ್ಯಪಡೆ ಸುಮಾರು 500 ವಿದ್ಯಾರ್ಥಿಗಳ ಮಾತು ಕೇಳಿ 2024ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ತಲೆಯ ಕಿಪ್ಪಾ ಟೋಪಿ, ಕೊರಳಿನ ನಕ್ಷತ್ರದ ಸರ ಕಂಡದ್ದಕ್ಕೆ ಬೈಗುಳ, ತಳ್ಳಾಟ, ಹಾಸ್ಟೆಲ್ ಬಾಗಿಲ ಚೌಕಟ್ಟಿನ ಮೆಜೂಜಾ ಎಂಬ ಧಾರ್ಮಿಕ ಗುರುತು ಕಿತ್ತದ್ದು, ಸಂಘಗಳಿಂದ ಹೊರಗಿಟ್ಟದ್ದು. ಇವನ್ನು ಇಸ್ರೇಲ್ ನೀತಿಯ ಟೀಕೆ ಎನ್ನಲು ಬರುವುದಿಲ್ಲ. ಯೆಹೂದಿ ಬದುಕಿನ ಕುರಿತ ಚರ್ಚಾಗೋಷ್ಠಿ ನಡೆಯುತ್ತಿದ್ದಾಗಲೇ ಅದನ್ನು ಲೇವಡಿ ಮಾಡಿ ಪರಸ್ಪರ ಸಂದೇಶ ಕಳಿಸಿಕೊಂಡ ಮೂವರು ಡೀನ್‌ಗಳನ್ನು ಆಡಳಿತ ಹುದ್ದೆಯಿಂದ ತೆಗೆಯಿತು. ಇನ್ನೊಂದು ಬದಿಯಲ್ಲಿ, 2024ರ ಜನವರಿಯಲ್ಲಿ ಪ್ಯಾಲೆಸ್ತೀನ್ ಪರ ಸಭೆಯ ಮೇಲೆ ದುರ್ವಾಸನೆಯ ದ್ರವ ಸಿಂಪಡಿಸಿದ ಪ್ರಕರಣದಲ್ಲಿ ಅಮಾನತಾದ ವಿದ್ಯಾರ್ಥಿ ದಾವೆ ಹೂಡಿ, ವಿಶ್ವವಿದ್ಯಾಲಯದಿಂದ 3,95,000 ಡಾಲರ್ ಪಡೆದು ರಾಜಿಯಾದ.

ಉಗ್ರ ನುಡಿ

ಧರಣಿಯ ಮುಂಚೂಣಿಯಲ್ಲಿದ್ದ ವಿದ್ಯಾರ್ಥಿಯೊಬ್ಬ, ಜಯೋನಿಸ್ಟರಿಗೆ (ಯೆಹೂದಿ ರಾಷ್ಟ್ರದ ಪರ ಇರುವವರಿಗೆ) ಬದುಕುವ ಅರ್ಹತೆಯಿಲ್ಲ ಎಂಬರ್ಥದ ಮಾತಾಡಿದ್ದ ಹಳೆಯ ವಿಡಿಯೊ ಏಪ್ರಿಲ್‌ನಲ್ಲಿ ಹೊರಬಿತ್ತು. ಆತನನ್ನು ಕ್ಯಾಂಪಸ್ಸಿನಿಂದ ಹೊರಹಾಕಲಾಯಿತು, ಆತ ತಪ್ಪೊಪ್ಪಿಕೊಂಡ, 'ಅಪಾರ್ಟೈಡ್ ಡೈವೆಸ್ಟ್' ಒಕ್ಕೂಟವೂ ಅಂತರ ಕಾಯ್ದುಕೊಂಡಿತು. ಆರು ತಿಂಗಳ ಬಳಿಕ, ಅಕ್ಟೋಬರ್‌ನಲ್ಲಿ, ಒಕ್ಕೂಟ ಆ ಕ್ಷಮಾಪಣೆಯನ್ನೇ ಹಿಂತೆಗೆದುಕೊಂಡು ಸಶಸ್ತ್ರ ಪ್ರತಿರೋಧವನ್ನು ಬಹಿರಂಗವಾಗಿ ಬೆಂಬಲಿಸಿತು. ಡೇರೆ ತೆರವಾಗಿ, ಸಾಮಾನ್ಯ ಬೆಂಬಲಿಗರು ಚದುರಿ, ಬೇಡಿಕೆ ಈಡೇರದೆ ಉಳಿದಾಗ ಕೊನೆಗೆ ಉಳಿದುಕೊಂಡ ಸಣ್ಣ ಗುಂಪಿನ ಭಾಷೆ ಬಿಗಿಯಾಗುತ್ತ ಹೋದದ್ದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹುಲ್ಲುಹಾಸಿನಲ್ಲಿ ಕೂತಿದ್ದ ನೂರಾರು ಮಂದಿಯ ಅಭಿಪ್ರಾಯವೆಂದು ಆ ಹೇಳಿಕೆಯನ್ನು ಓದುವುದು ತಪ್ಪಾಗುತ್ತದೆ. ಆದರೆ ಅವರ ಹೆಸರಿನಲ್ಲೇ ಅದು ಹೊರಬಂದದ್ದಂತೂ ಹೌದು. 2025ರ ಜನವರಿಯಲ್ಲಿ ಆಧುನಿಕ ಇಸ್ರೇಲ್ ಚರಿತ್ರೆಯ ತರಗತಿಗೆ ಮುಸುಕುಧಾರಿಗಳು ನುಗ್ಗಿ ಪಾಠ ತಡೆದರು. ಸೋದರ ಸಂಸ್ಥೆ ಬರ್ನಾರ್ಡ್ ಕಾಲೇಜು ಇಬ್ಬರನ್ನು ಉಚ್ಚಾಟಿಸಿತು.

ಸರ್ಕಾರದ ಪ್ರವೇಶ

ಡೊನಾಲ್ಡ್ ಟ್ರಂಪ್ ಎರಡನೆಯ ಬಾರಿ ಅಧಿಕಾರಕ್ಕೆ ಬಂದ ಮೇಲೆ ಕೊಲಂಬಿಯಾ ಮೊದಲ ಗುರಿಯಾಯಿತು. 2025ರ ಮಾರ್ಚ್ 7ರಂದು, ಯೆಹೂದಿ ವಿದ್ಯಾರ್ಥಿಗಳನ್ನು ರಕ್ಷಿಸಲಿಲ್ಲವೆಂಬ ಕಾರಣಕ್ಕೆ 40 ಕೋಟಿ ಡಾಲರ್‌ಗಳ ಅನುದಾನ ರದ್ದಾಯಿತು. ಆಧಾರವಾಗಿ ತೋರಿಸಿದ್ದು ವರ್ಣ ಮತ್ತು ಮೂಲದ ತಾರತಮ್ಯ ತಡೆಯುವ 1964ರ ನಾಗರಿಕ ಹಕ್ಕು ಕಾಯ್ದೆ. ಕಡಿತದ ಪೆಟ್ಟು ಬಿದ್ದದ್ದು ಮುಖ್ಯವಾಗಿ ವೈದ್ಯಕೀಯ ಸಂಶೋಧನೆಯ ಮೇಲೆ, ಧರಣಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಮರುದಿನ, ಡೇರೆಯ ದಿನಗಳಲ್ಲಿ ವಿದ್ಯಾರ್ಥಿಗಳ ಪರ ಸಂಧಾನ ಮಾಡಿದ್ದ, ಕಾಯಂ ವಾಸದ ಪರವಾನಗಿ ಇದ್ದ ಮಹಮೂದ್ ಖಲೀಲ್‌ರನ್ನು ವಲಸೆ ಅಧಿಕಾರಿಗಳು ಬಂಧಿಸಿ ಲೂಸಿಯಾನಾಕ್ಕೆ ಕಳಿಸಿದರು. ಅಪರಾಧದ ಆರೋಪ ಇರಲಿಲ್ಲ. ಅವರ ಇರುವಿಕೆ ವಿದೇಶಾಂಗ ನೀತಿಗೆ ಧಕ್ಕೆ ಎಂಬ, 1952ರ ಕಾಯ್ದೆಯ ಅಪರೂಪದ ಒಂದು ಕಲಮು ಇತ್ತು. 104 ದಿನಗಳ ನಂತರ, ಜೂನ್ 20ರಂದು, ಫೆಡರಲ್ ನ್ಯಾಯಾಧೀಶರ ಆದೇಶದಿಂದ ಅವರ ಬಿಡುಗಡೆಯಾಯಿತು. ವೀಸಾ ರದ್ದಾದ ಭಾರತೀಯ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಬಂಧನಕ್ಕೆ ಕಾಯದೆ ಕೆನಡಾಕ್ಕೆ ಹೊರಟುಹೋದರು. ಹೊರದೇಶದಿಂದ ಓದಲು ಹೋದವರ ಬಾಯಿ ಆ ಮಾರ್ಚ್‌ನಿಂದ ಕಟ್ಟಿತು.

ವಿಶ್ವವಿದ್ಯಾಲಯ ಮಾರ್ಚ್ 21ರಂದೇ ಮಣಿಯಿತು. ಬಂಧಿಸುವ ಅಧಿಕಾರವುಳ್ಳ 36 ಹೊಸ ಭದ್ರತಾ ಅಧಿಕಾರಿಗಳು, ಗುರುತು ಮರೆಸುವ ಮುಸುಕಿಗೆ ನಿರ್ಬಂಧ, ಮಧ್ಯಪ್ರಾಚ್ಯ ಅಧ್ಯಯನ ವಿಭಾಗದ ಮೇಲೆ ಹೊಸ ಮೇಲ್ವಿಚಾರಣೆ. ಮೇ 7ರಂದು ಬಟ್ಲರ್ ಗ್ರಂಥಾಲಯದ ವಾಚನಾಲಯಕ್ಕೆ ನುಗ್ಗಿದವರ ಪ್ರಕರಣದಲ್ಲಿ ಎಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಶಿಕ್ಷೆಯಾಯಿತು. ಜುಲೈ 23ರ ಒಪ್ಪಂದದಂತೆ ಸರ್ಕಾರಕ್ಕೆ ಮೂರು ವರ್ಷಗಳಲ್ಲಿ 20 ಕೋಟಿ ಡಾಲರ್, ಯೆಹೂದಿ ನೌಕರರ ದೂರುಗಳಿಗೆ ಸಂಬಂಧಿಸಿ 2.1 ಕೋಟಿ ಡಾಲರ್ ಕೊಡಲು ಅದು ಒಪ್ಪಿತು. ಅದೇ ತಿಂಗಳು ಹಾಲೊಕಾಸ್ಟ್ ಸ್ಮರಣಾ ಒಕ್ಕೂಟದ 2016ರ ವ್ಯಾಖ್ಯೆಯನ್ನೂ ತನ್ನ ಶಿಸ್ತು ಪ್ರಕ್ರಿಯೆಗೆ ಸೇರಿಸಿಕೊಂಡಿತು. ತಪ್ಪು ಮಾಡಿದ್ದೇವೆಂದು ಒಪ್ಪಂದದಲ್ಲಿ ಎಲ್ಲೂ ಒಪ್ಪಿಕೊಳ್ಳಲಿಲ್ಲ.

116ನೇ ಬೀದಿಯಿಂದ ಕ್ಯಾಂಪಸ್ಸಿನ ನಡುವೆ ಹಾದುಹೋಗುವ 'ಕಾಲೇಜ್ ವಾಕ್' ಮೊದಲು ಊರವರೆಲ್ಲ ನಾಯಿ ಹಿಡಿದು, ಮಕ್ಕಳ ಗಾಡಿ ತಳ್ಳಿಕೊಂಡು ದಾಟುತ್ತಿದ್ದ ದಾರಿ. 2024ರ ವಸಂತದಲ್ಲಿ ಅದರ ಎರಡೂ ತುದಿಯ ಕಬ್ಬಿಣದ ಗೇಟುಗಳನ್ನು ಮುಚ್ಚಿ, ಗುರುತಿನ ಚೀಟಿ ಇದ್ದವರಿಗೆ ಮಾತ್ರ ಪ್ರವೇಶ ಎಂದು ಕಾವಲು ಹಾಕಲಾಯಿತು. ದಾರಿ ತೆರೆಯಿರಿ ಎಂದು ಅಕ್ಕಪಕ್ಕದ ನಿವಾಸಿಗಳು ಹೂಡಿದ ಮೊಕದ್ದಮೆಯೂ ಈ ವಿವಾದದ ಕಡತಕ್ಕೆ ಸೇರಿತು.