ಕಡ್ಡಾಯ ಶಿಕ್ಷಣ (ಉತ್ತರ ಕನ್ನಡ)

ಕಡ್ಡಾಯ ಶಿಕ್ಷಣ ಎಂದರೆ ನಿರ್ದಿಷ್ಟ ವಯೋಮಾನದ ಎಲ್ಲ ಮಕ್ಕಳೂ ಶಾಲೆಗೆ ದಾಖಲಾಗಿ, ಹಾಜರಿದ್ದು, ನಿಗದಿತ ಹಂತದವರೆಗೆ ಕಲಿಯಬೇಕೆಂದು ಕಾನೂನಿನ ಮೂಲಕ ವಿಧಿಸಿದ ವ್ಯವಸ್ಥೆ. ಭಾರತದಲ್ಲಿ 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುವ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಶಿಕ್ಷಣವನ್ನು ಕಡ್ಡಾಯಗೊಳಿಸಬೇಕೆ, ಗೊಳಿಸಿದರೆ ಅದರ ಹೊಣೆ ಯಾರದು ಎಂಬ ಚರ್ಚೆ ದೇಶದಲ್ಲಿ ನೂರು ವರ್ಷಗಳಿಗೂ ಹಳೆಯದು. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳಲ್ಲಿ ಕಾಡು, ಮಳೆ ಮತ್ತು ಚದುರಿದ ವಸತಿಗಳ ಕಾರಣದಿಂದ ಈ ಪ್ರಶ್ನೆಗೆ ವಿಶೇಷ ಸ್ವರೂಪ ಬಂದಿದೆ.

ಅರ್ಥ ಮತ್ತು ವ್ಯಾಪ್ತಿ

‘ಕಡ್ಡಾಯ’ ಎಂಬ ಮಾತು ಎರಡು ಅರ್ಥಗಳಲ್ಲಿ ಬಳಕೆಯಾಗಿದೆ. ಹಳೆಯ ಕಾನೂನುಗಳಲ್ಲಿ ಅದು ಪಾಲಕರ ಮೇಲಿನ ಕಟ್ಟುಪಾಡು. ಮಗುವನ್ನು ಶಾಲೆಗೆ ಕಳುಹಿಸದವರಿಗೆ ಹಾಜರಾತಿ ಆದೇಶ ನೀಡುವುದು, ಅದನ್ನೂ ಮೀರಿದರೆ ದಂಡ ವಿಧಿಸುವುದು ಅವುಗಳ ಕ್ರಮವಾಗಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಈ ಭಾರವನ್ನು ಮುಖ್ಯವಾಗಿ ಸರ್ಕಾರದ ಮೇಲೆ ಹೊರಿಸಿತು. ಅದರ 8ನೆಯ ಕಲಮಿನ ಪ್ರಕಾರ ಪ್ರತಿ ಮಗುವಿಗೂ ಉಚಿತ ಪ್ರಾಥಮಿಕ ಶಿಕ್ಷಣ ಒದಗಿಸುವುದು, ದಾಖಲಾತಿ, ಹಾಜರಾತಿ ಮತ್ತು ಶಿಕ್ಷಣದ ಪೂರ್ಣಗೊಳಿಸುವಿಕೆಯನ್ನು ಖಚಿತಪಡಿಸುವುದು ಸರ್ಕಾರದ ಬಾಧ್ಯತೆ. 10ನೆಯ ಕಲಮು ಪಾಲಕರ ಕರ್ತವ್ಯವನ್ನು ಹೇಳುತ್ತದೆಯಾದರೂ ತಪ್ಪಿದವರಿಗೆ ಶಿಕ್ಷೆಯನ್ನು ಗೊತ್ತುಪಡಿಸುವುದಿಲ್ಲ.

ಇತಿಹಾಸ

1882ರಲ್ಲಿ ಹಂಟರ್ ಆಯೋಗದ ಮುಂದೆ ಜ್ಯೋತಿಬಾ ಫುಲೆಯವರು 12 ವರ್ಷದವರೆಗಿನ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಬೇಕೆಂದು ಒತ್ತಾಯಿಸಿದರು. ಬರೋಡ ಸಂಸ್ಥಾನದ ಮೂರನೆಯ ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮ್ರೇಲಿ ತಾಲ್ಲೂಕಿನಲ್ಲಿ ಪ್ರಯೋಗವಾಗಿ ಆರಂಭಿಸಿದ ಕಡ್ಡಾಯ ಶಿಕ್ಷಣವನ್ನು 1906ರಲ್ಲಿ ಇಡೀ ಸಂಸ್ಥಾನಕ್ಕೆ ವಿಸ್ತರಿಸಿದರು. 1911ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಕೇಂದ್ರ ಶಾಸನ ಸಭೆಯಲ್ಲಿ ಪ್ರಾಥಮಿಕ ಶಿಕ್ಷಣ ಮಸೂದೆಯನ್ನು ಮಂಡಿಸಿದರು. ಸ್ಥಳೀಯ ಸಂಸ್ಥೆಗಳಿಗೆ ತಮ್ಮ ವ್ಯಾಪ್ತಿಯಲ್ಲಿ ಶಿಕ್ಷಣವನ್ನು ಕಡ್ಡಾಯಗೊಳಿಸುವ ಅಧಿಕಾರ ಕೊಡುವುದಷ್ಟೇ ಅದರ ಉದ್ದೇಶವಾಗಿತ್ತು. ಆದರೂ ಹಣದ ಕೊರತೆ ಮತ್ತು ಜನರಿಂದ ಬೇಡಿಕೆಯಿಲ್ಲವೆಂಬ ಕಾರಣಗಳನ್ನು ಮುಂದಿಟ್ಟು ವಿರೋಧಿಸಲಾಯಿತು. 1912ರ ಮಾರ್ಚ್‌ನಲ್ಲಿ ಮಸೂದೆ 13ಕ್ಕೆ ಎದುರಾಗಿ 38 ಮತಗಳಿಂದ ಬಿದ್ದುಹೋಯಿತು.

ಆ ಕಾಲದಲ್ಲಿ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಉತ್ತರ ಕನ್ನಡವು 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹೀಗಾಗಿ ಶರಾವತಿಯ ಆಚೆಗಿನ ಸಾಗರದ ಮಕ್ಕಳಿಗೆ ಮೈಸೂರು ಸಂಸ್ಥಾನದ 1913ರ ಪ್ರಾಥಮಿಕ ಶಿಕ್ಷಣ ನಿಬಂಧನೆ ಅನ್ವಯಿಸಿದರೆ, ಈಚೆಗಿನ ಸಿದ್ದಾಪುರದ ಮಕ್ಕಳು ಮುಂಬಯಿಯ ಕಾನೂನಿಗೆ ಒಳಪಟ್ಟಿದ್ದರು. ಮುಂಬಯಿಯಲ್ಲಿ ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ 1918ರಲ್ಲಿ ಬಂದ ಕಾಯ್ದೆ ಪುರಸಭೆಗಳಿಗೆ ಈ ಅಧಿಕಾರವನ್ನು ಕೊಟ್ಟಿತು. 1923ರ ಕಾಯ್ದೆ ಅದನ್ನು ಗ್ರಾಮಾಂತರಕ್ಕೂ ವಿಸ್ತರಿಸಿತು. ಎರಡೂ ಕಡೆ ಕಾನೂನು ಆಯ್ದ ಪ್ರದೇಶಗಳಿಗೆ ಮಾತ್ರ ಅವಕಾಶ ಕಲ್ಪಿಸುವಂಥದಾಗಿತ್ತು.

ಸ್ವಾತಂತ್ರ್ಯಾನಂತರ ಸಂವಿಧಾನದ 45ನೆಯ ವಿಧಿಯು 14 ವರ್ಷದವರೆಗಿನ ಮಕ್ಕಳಿಗೆ ಹತ್ತು ವರ್ಷಗಳೊಳಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಒದಗಿಸಲು ಯತ್ನಿಸಬೇಕೆಂದಿತು. 1956ರಲ್ಲಿ ರಾಜ್ಯ ಪುನರ್ವಿಂಗಡಣೆಯಾಗಿ ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ರಾಜ್ಯದ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂದಿತು. 1992ರಲ್ಲಿ ಕರ್ನಾಟಕದಿಂದಲೇ ಹೋದ ಮೋಹಿನಿ ಜೈನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಶಿಕ್ಷಣವನ್ನು ಬದುಕುವ ಹಕ್ಕಿನ ಭಾಗವೆಂದಿತು. 1993ರ ಉನ್ನಿಕೃಷ್ಣನ್ ತೀರ್ಪು ಆ ಹಕ್ಕನ್ನು 14 ವರ್ಷದವರೆಗೆ ಎಂದು ಮಿತಿಗೊಳಿಸಿತು. 2002ರ 86ನೆಯ ತಿದ್ದುಪಡಿಯಿಂದ 21ಎ ವಿಧಿ ಸೇರಿ ಶಿಕ್ಷಣ ಮೂಲಭೂತ ಹಕ್ಕಾಯಿತು.

ಪರವಾದ ವಾದಗಳು

ಮಗುವಿನ ಭವಿಷ್ಯವನ್ನು ಪಾಲಕರ ಬಡತನ, ಅಜ್ಞಾನ ಅಥವಾ ಇಚ್ಛೆಗೆ ಮಾತ್ರ ಬಿಡಬಾರದು ಎಂಬುದು ಮುಖ್ಯ ವಾದ. ಕಡ್ಡಾಯವಿಲ್ಲದಿದ್ದರೆ ಮೊದಲು ಶಾಲೆ ಬಿಡುವವರು ಹೆಣ್ಣುಮಕ್ಕಳು, ಕೂಲಿಕಾರರ ಮಕ್ಕಳು ಮತ್ತು ಅಂಚಿನ ಸಮುದಾಯಗಳ ಮಕ್ಕಳು. ಬಾಲಕಾರ್ಮಿಕ ಪದ್ಧತಿಯ ನಿವಾರಣೆಗೂ ಇದೇ ದಾರಿ ಎಂದು ಹೇಳಲಾಗುತ್ತದೆ. ಕೆಲಸದ ಸ್ಥಳಗಳನ್ನೆಲ್ಲ ತಪಾಸಣೆ ಮಾಡುವುದಕ್ಕಿಂತ ಮಗು ಶಾಲೆಯಲ್ಲಿದೆಯೇ ಎಂದು ನೋಡುವುದು ಸುಲಭ. ಅಮೆರಿಕದ ರಾಜಕೀಯ ವಿಜ್ಞಾನಿ ಮೈರನ್ ವೀನರ್ ಭಾರತವನ್ನು ಕುರಿತ 1991ರ ಅಧ್ಯಯನದಲ್ಲಿ, ಕಡ್ಡಾಯ ಶಿಕ್ಷಣ ಜಾರಿಯಾಗದಿರಲು ಬಡತನಕ್ಕಿಂತ ಮೇಲುವರ್ಗದ ಮನೋಭಾವವೇ ಹೆಚ್ಚು ಕಾರಣವೆಂದು ವಾದಿಸಿದರು.

ವಿರೋಧದ ವಾದಗಳು

ಗಾಂಧೀಜಿಯವರು 1909ರ ‘ಹಿಂದ್ ಸ್ವರಾಜ್’ ಕೃತಿಯಲ್ಲಿ ಶಿಕ್ಷಣವನ್ನು ಕಡ್ಡಾಯಗೊಳಿಸಬೇಕಿಲ್ಲವೆಂಬ ನಿಲುವು ತಾಳಿದ್ದರು. 1937ರಲ್ಲಿ ಅವರದೇ ಅಧ್ಯಕ್ಷತೆಯ ವಾರ್ಧಾ ಸಮ್ಮೇಳನವು ಕೈಕಸುಬು ಆಧರಿಸಿದ ಏಳು ವರ್ಷಗಳ ಉಚಿತ, ಕಡ್ಡಾಯ ಶಿಕ್ಷಣವನ್ನು ಅಂಗೀಕರಿಸಿತು. ಎರಡು ನಿಲುವುಗಳ ನಡುವಿನ ಅಂತರ ಈ ಚರ್ಚೆಯ ತಿರುಳನ್ನೇ ತೋರಿಸುತ್ತದೆ. ಕಲಿಸುವುದು ಏನು ಎಂಬುದನ್ನು ಬಿಟ್ಟು ಕಡ್ಡಾಯವನ್ನು ಮಾತ್ರ ತೂಗಲಾಗದು.

ಇವಾನ್ ಇಲಿಚ್ 1971ರಲ್ಲಿ ಶಾಲೆ ಮತ್ತು ಕಲಿಕೆ ಒಂದೇ ಅಲ್ಲವೆಂದು ವಾದಿಸಿ ಕಡ್ಡಾಯ ಶಾಲೆಯನ್ನೇ ಪ್ರಶ್ನಿಸಿದರು. 1972ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಆಮಿಶ್ ಸಮುದಾಯದ ಪಾಲಕರಿಗೆ 8ನೆಯ ತರಗತಿಯ ನಂತರ ಮಕ್ಕಳನ್ನು ಶಾಲೆಗೆ ಕಳುಹಿಸದಿರಲು ಅನುಮತಿ ನೀಡಿತು. ಭಾರತದಲ್ಲಿ 2012ರ ತಿದ್ದುಪಡಿಯು ವೇದಪಾಠಶಾಲೆ, ಮದರಸಾ ಮುಂತಾಗಿ ಮುಖ್ಯವಾಗಿ ಧಾರ್ಮಿಕ ಬೋಧನೆ ನೀಡುವ ಸಂಸ್ಥೆಗಳನ್ನು ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಟ್ಟಿತು. ಮಠಗಳ ಆಶ್ರಯದಲ್ಲಿ ಸಂಸ್ಕೃತ ಮತ್ತು ವೇದಪಾಠಶಾಲೆಗಳ ಪರಂಪರೆಯುಳ್ಳ ಶಿರಸಿ ಸೀಮೆಗೆ ಈ ತಿದ್ದುಪಡಿ ಸಂಬಂಧಿಸಿದ್ದಾಗಿದೆ.

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರದಲ್ಲಿ

2011ರ ಜನಗಣತಿಯಂತೆ ಉತ್ತರ ಕನ್ನಡದ ಸಾಕ್ಷರತೆ ಸುಮಾರು ಶೇ. 84, ರಾಜ್ಯದ್ದು ಸುಮಾರು ಶೇ. 75. ಈ ಭಾಗದಲ್ಲಿ ಶಿಕ್ಷಣದ ಬಗ್ಗೆ ಒಲವು ಹಳೆಯದು. ಶಿರಸಿಯು ಜಿಲ್ಲೆಯ ಎರಡು ಶೈಕ್ಷಣಿಕ ಜಿಲ್ಲೆಗಳಲ್ಲಿ ಒಂದರ ಕೇಂದ್ರವೂ ಆಗಿದೆ. ಆದರೆ ಸರಾಸರಿ ಅಂಕಿ ಎಲ್ಲ ಸಮುದಾಯಗಳ ಸ್ಥಿತಿಯನ್ನು ಹೇಳುವುದಿಲ್ಲ. ತೋಟವಿರುವ ಕುಟುಂಬಗಳು ಮಕ್ಕಳನ್ನು ಪೇಟೆಯ ಶಾಲೆಗೆ ಕಳುಹಿಸಬಲ್ಲವು. ಯಲ್ಲಾಪುರದ ಕಾಡಿನಂಚಿನ ಸಿದ್ದಿ, ಗೌಳಿ ಮತ್ತು ಕುಣಬಿ ಕುಟುಂಬಗಳಿಗೆ ಹತ್ತಿರದ ಸರ್ಕಾರಿ ಶಾಲೆಯೇ ಆಧಾರ.

ದೂರ: ಇಲ್ಲಿ ಊರೆಂದರೆ ಒತ್ತೊತ್ತಾದ ಮನೆಗಳ ಸಾಲಲ್ಲ. ತೋಟ, ಗದ್ದೆ, ಬೆಟ್ಟಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆಗಳಿರುತ್ತವೆ. ನಿಯಮದಂತೆ 1ರಿಂದ 5ನೆಯ ತರಗತಿಗೆ 1 ಕಿ.ಮೀ., 6ರಿಂದ 8ನೆಯ ತರಗತಿಗೆ 3 ಕಿ.ಮೀ. ಒಳಗೆ ಶಾಲೆ ಇರಬೇಕು. ನಕ್ಷೆಯ ಮೇಲಿನ 1 ಕಿ.ಮೀ. ಮಳೆಗಾಲದಲ್ಲಿ ತುಂಬಿದ ಹಳ್ಳ ಮತ್ತು ಕಾಲುಸಂಕ ದಾಟಬೇಕಾದ ದಾರಿಯೂ ಆಗಿರಬಹುದು. ಶಾಲಾ ವರ್ಷ ಆರಂಭವಾಗುವುದೂ ಮಳೆಯೊಂದಿಗೇ. ದೂರವನ್ನು ಕಾನೂನೂ ಹಿಂದಿನಿಂದ ಗುರುತಿಸಿದೆ. ಇಂಗ್ಲೆಂಡಿನ 1870ರ ಕಾಯ್ದೆಯಲ್ಲಿ ಶಾಲೆ ಮೂರು ಮೈಲಿಗಿಂತ ಆಚೆಗಿದ್ದರೆ ಅದು ಗೈರುಹಾಜರಿಗೆ ಒಪ್ಪತಕ್ಕ ಕಾರಣವಾಗಿತ್ತು. ಅಂಥ ವಿನಾಯಿತಿಯಿಂದ ಪಾಲಕರು ದಂಡದಿಂದ ಪಾರಾಗುತ್ತಿದ್ದರು, ಮಗು ಮಾತ್ರ ಶಿಕ್ಷಣದಿಂದ ಹೊರಗುಳಿಯುತ್ತಿತ್ತು. ಶಿಕ್ಷಣ ಹಕ್ಕು ನಿಯಮಗಳು ದುರ್ಗಮ ಪ್ರದೇಶಗಳಿಗೆ ಉಚಿತ ಸಾರಿಗೆ ಅಥವಾ ವಸತಿ ವ್ಯವಸ್ಥೆಯನ್ನು ಸೂಚಿಸುತ್ತವೆ.

ಅರಣ್ಯ: ಜಿಲ್ಲೆಯ ಬಹುಭಾಗ ಅರಣ್ಯವಾದ್ದರಿಂದ ಕಟ್ಟಡ, ರಸ್ತೆಗಳಿಗೆ ಅನುಮತಿ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯು ಗ್ರಾಮಸಭೆಯ ಶಿಫಾರಸಿನ ಮೇಲೆ ಶಾಲೆ, ಅಂಗನವಾಡಿ ಮುಂತಾದ ಒಂದೊಂದು ಸೌಲಭ್ಯಕ್ಕೆ 1 ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿ ಬಳಸಲು ಅವಕಾಶ ನೀಡಿದೆ.

ಭಾಷೆ: ಸಿದ್ದಿಯರ ಮನೆಮಾತಿನಲ್ಲಿ ಕೊಂಕಣಿಯ ಅಂಶ ಹೆಚ್ಚು, ಗೌಳಿಗರದು ಮರಾಠಿಯ ಒಂದು ರೂಪ. ಶಾಲೆಯ ಕನ್ನಡ ಈ ಮಕ್ಕಳಿಗೆ ಮೊದಲ ತರಗತಿಯಲ್ಲಿ ಹೊಸ ಭಾಷೆ. ಹಾಜರಾತಿಯನ್ನು ಕಡ್ಡಾಯಗೊಳಿಸಬಹುದು, ಅರ್ಥವಾಗುವುದನ್ನು ಕಡ್ಡಾಯಗೊಳಿಸಲಾಗದು ಎಂಬ ಟೀಕೆ ಇಲ್ಲಿ ಪ್ರಸ್ತುತವಾಗುತ್ತದೆ. ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಮೇಲೆ ವಿದ್ಯಾರ್ಥಿವೇತನ, ವಸತಿನಿಲಯಗಳ ಸೌಲಭ್ಯ ವಿಸ್ತರಿಸಿತು.

ಕೆಲಸ: ಅಡಿಕೆಯ ಕೊನೆ ಕೊಯ್ಲು ಮತ್ತು ಸುಲಿಯುವ ಕಾಲದಲ್ಲಿ ಮನೆಮಂದಿಯೆಲ್ಲ ದುಡಿಯುವುದು ಇಲ್ಲಿನ ರೂಢಿ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯು 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿ, ಶಾಲೆಯ ಅವಧಿಯ ನಂತರ ಅಥವಾ ರಜೆಯಲ್ಲಿ ಕುಟುಂಬಕ್ಕೆ ನೆರವಾಗಲು ಅವಕಾಶ ಉಳಿಸಿತು. ಇದು ಕೃಷಿಯ ಅರಿವನ್ನು ಉಳಿಸುತ್ತದೆ ಎನ್ನುವವರೂ, ಗೈರುಹಾಜರಿಗೆ ದಾರಿ ಮಾಡುತ್ತದೆ ಎನ್ನುವವರೂ ಇದ್ದಾರೆ.

ಪ್ರಸ್ತುತ ಸ್ಥಿತಿ

ಮಧ್ಯಾಹ್ನದ ಬಿಸಿಯೂಟ, ಉಚಿತ ಪಠ್ಯಪುಸ್ತಕ, ಸಮವಸ್ತ್ರ ಮೊದಲಾದ ಯೋಜನೆಗಳು ದಂಡದ ಭಯವಿಲ್ಲದೆಯೇ ಮಕ್ಕಳನ್ನು ಶಾಲೆಗೆ ತಂದಿವೆ. ಈಗಿನ ಮುಖ್ಯ ಪ್ರಶ್ನೆ ಸಣ್ಣ ಶಾಲೆಗಳದ್ದು. ಜನನ ಪ್ರಮಾಣದ ಇಳಿಕೆ, ನಗರ ವಲಸೆ ಮತ್ತು ಇಂಗ್ಲಿಷ್ ಮಾಧ್ಯಮದ ಆಕರ್ಷಣೆಯಿಂದ ಮಲೆನಾಡಿನ ಅನೇಕ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕುಸಿದಿದೆ. ವಿಲೀನದಿಂದ ತರಗತಿಗೊಬ್ಬ ಶಿಕ್ಷಕರು, ಉತ್ತಮ ಸೌಲಭ್ಯ ದೊರೆಯುತ್ತವೆ ಎಂಬುದು ಒಂದು ವಾದ. ಉಳಿದ ನಾಲ್ಕೈದು ಮಕ್ಕಳು ಸಾಮಾನ್ಯವಾಗಿ ಬೇರೆಡೆಗೆ ಹೋಗಲಾಗದ ಮನೆಗಳವರು, ಶಾಲೆ ಮುಚ್ಚಿದರೆ ಅವರ ಹಕ್ಕೇ ದೂರವಾಗುತ್ತದೆ ಎಂಬುದು ಇನ್ನೊಂದು. ಇದರೊಂದಿಗೆ, 14 ವರ್ಷಕ್ಕೆ ನಿಲ್ಲುವ ಕಾಯ್ದೆಯನ್ನು ಪ್ರೌಢಶಿಕ್ಷಣಕ್ಕೂ ವಿಸ್ತರಿಸಬೇಕೆಂಬ ಬೇಡಿಕೆಯಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 3ರಿಂದ 18 ವರ್ಷದವರೆಗಿನ ಶಿಕ್ಷಣವನ್ನು ಗುರಿಯಾಗಿ ಹೇಳಿದ್ದರೂ ಕಾನೂನುಬದ್ಧ ಹಕ್ಕು ಇನ್ನೂ 6ರಿಂದ 14ರ ವಯೋಮಾನಕ್ಕೆ ಸೀಮಿತವಾಗಿದೆ.