ಬಚ್ಚಲುಮನೆಯ ಪೂರ್ವೋತ್ತರ

ಕಾಮೋಠೆಯಲ್ಲಿ ನಾವಿರುವ ಕಟ್ಟಡದಲ್ಲಿ ಈಚೆಗೆ ಹೊಸದೊಂದು ಸದ್ದು ಹುಟ್ಟಿಕೊಂಡಿದೆ. ರವಿವಾರವನ್ನು ಬಿಟ್ಟರೆ ಉಳಿದ ದಿನಗಳಲ್ಲೆಲ್ಲ ಯಾರದಾದರೊಬ್ಬರ ಮನೆಯಲ್ಲಿ ಬಚ್ಚಲಿನ ಫರಸಿ ಒಡೆಯುವ ಸದ್ದು ಅದು. ಬಿಲ್ಡರನು ಹಚ್ಚಿಕೊಟ್ಟಿದ್ದ ಬಿಳಿಯ ಟೈಲ್ಸು ಹೋಗಿ, ಕನ್ನಡಿಯಂತೆ ನುಣುಪಾದ ದೊಡ್ಡ ಚಪ್ಪಡಿಗಳು ಬರುತ್ತಿವೆ. ನೆತ್ತಿಯ ಮೇಲೆ ಮಳೆಯಂತೆ ಸುರಿಯುವ ಶಾವರು, ಗಾಜಿನ ಅಡ್ಡಗೋಡೆ, ಮಂದವಾದ ದೀಪ, ಪರಿಮಳದ ಮೇಣಬತ್ತಿ. ಇದೆಲ್ಲಕ್ಕೂ ಸೇರಿಸಿ ‘ಸ್ಪಾ’ ಎಂದು ಹೆಸರು.

ಇದನ್ನು ನೋಡಿ ನಗುವವರು ನಾವಲ್ಲ. ಹಾರ್ಬರ್ ಲೈನಿನ ಗಾಡಿಯಲ್ಲಿ ಒಂದೂಕಾಲು ತಾಸು ನಿಂತು ಬಂದವನಿಗೆ ಬಿಸಿನೀರಿನ ಸುಖ ಬೇಡವೆನ್ನಲು ಯಾರಿಗೆ ಬಾಯಿ ಬಂದೀತು? ನಮ್ಮ ನಿಲ್ದಾಣಕ್ಕೆ ಮಾನಸರೋವರವೆಂದು ಹೆಸರಿಟ್ಟಿದ್ದಾರೆ. ಆದರೆ ಅಲ್ಲಿ ನಾವು ಮೀಯುವುದು ಬೆವರಿನಲ್ಲಿ. ಸ್ಪಾ ಎಂಬುದು ಬೆಲ್ಜಿಯಂ ದೇಶದ ಒಂದು ಊರು. ಅಲ್ಲಿನ ಖನಿಜ ಜಲದ ಬುಗ್ಗೆಗಳಿಂದಾಗಿ ಊರಿನ ಹೆಸರೇ ಇಂಥ ಸ್ನಾನಗೃಹಗಳ ಹೆಸರಾಯಿತು. ಹೆಸರು ಅಲ್ಲಿಯದಾದ ಮಾತ್ರಕ್ಕೆ ಸುಖವೂ ಅಲ್ಲಿಂದಲೇ ಬಂದಿತೆಂದು ನಮ್ಮ ತರುಣರು ಹೇಳುವಾಗ ಮಾತ್ರ ಎರಡು ಮಾತು ಬರೆಯಬೇಕೆನ್ನಿಸುತ್ತದೆ.

ಮೊದಲು ನಮ್ಮ ನುಡಿಯನ್ನೇ ಕೇಳೋಣ. ಉತ್ತರ ಕರ್ನಾಟಕದವರು ಜಳಕ ಮಾಡುತ್ತಾರೆ, ಕರಾವಳಿಯವರು ಮೀಯುತ್ತಾರೆ, ಮೈಸೂರಿನವರಿಗೆ ಸ್ನಾನ. ಹಳೆಯ ಕಾವ್ಯಗಳಲ್ಲಿಯೂ ವಚನಗಳಲ್ಲಿಯೂ ಮಜ್ಜನವೆಂಬ ಮಾತುಂಟು. ಇವೆಲ್ಲ ತಾನು ತನಗೆ ಮಾಡಿಕೊಳ್ಳುವ ಕೆಲಸದ ಹೆಸರುಗಳು. ಇವುಗಳ ಜೊತೆಗೆ ‘ಎರೆ’ ಎಂಬ ಇನ್ನೊಂದು ಧಾತುವಿದೆ. ಕೂಸಿಗೆ ಎರೆಯುತ್ತಾರೆ, ಬಾಣಂತಿಗೆ ಎರೆಯುತ್ತಾರೆ, ಹಬ್ಬದ ದಿನ ಅಳಿಯನಿಗೆ ಎಣ್ಣೆಯೊತ್ತಿ ಎರೆಯುತ್ತಾರೆ. ಅಲ್ಲಿ ಒಬ್ಬರು ಕೂತಿರಬೇಕು, ಇನ್ನೊಬ್ಬರು ನಿಂತಿರಬೇಕು. ನಮ್ಮ ಬಚ್ಚಲುಮನೆಯ ಇತಿಹಾಸವನ್ನು ತಿಳಿಯಲು ಈ ಒಂದು ಮಾತೇ ಕೀಲಿಕೈ ಎಂಬುದು ನಮ್ಮ ಎಣಿಕೆ.

ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಕಲ್ಯಾಣವೆಂದೊಡನೆ ನಮ್ಮ ಮಕ್ಕಳು ಡೊಂಬಿವಿಲಿಯ ಮುಂದಿನ ಜಂಕ್ಷನ್ ಎಂದುಕೊಳ್ಳುತ್ತಾರೆ. ಇದು ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣ. ಈ ಗ್ರಂಥದಲ್ಲಿ ನೂರು ಅಧ್ಯಾಯಗಳು. ಅರಸನು ಅನುಭವಿಸತಕ್ಕ ಇಪ್ಪತ್ತು ಉಪಭೋಗಗಳನ್ನು ಎಣಿಸುವಾಗ ಆತನು ಮೊದಲು ಮನೆಯನ್ನು ಹೇಳಿ, ಅದರ ಬೆನ್ನಿಗೇ ಸ್ನಾನವನ್ನು ಹೇಳುತ್ತಾನೆ. ತಾಂಬೂಲ, ವಸ್ತ್ರ, ಆಭರಣಗಳೆಲ್ಲ ಆಮೇಲಿನವು. ಹೂವಿನ ಕಂಪನ್ನು ಹೀರಿದ ಎಣ್ಣೆ, ಮೈಯನ್ನು ತಿಕ್ಕುವ ಬಲವಂತರು, ಜಿಡ್ಡನ್ನು ತೆಗೆಯುವ ನುಣ್ಣನೆಯ ಲೇಪ, ಆಮೇಲೆ ಹದವಾದ ಬಿಸಿನೀರು, ಹೀಗೆ ಸಾಗುತ್ತದೆ ಅದರ ಕ್ರಮ. ಇಂದು ಸ್ಪಾಗಳಲ್ಲಿ ಸಾವಿರಾರು ರೂಪಾಯಿ ತೆತ್ತು ಪಡೆಯುವ ಸೇವೆಯ ಪಟ್ಟಿಯೂ ಹೆಚ್ಚು ಕಡಿಮೆ ಇದೇ ಅಲ್ಲವೆ? ಚಕ್ರವರ್ತಿಯಾದರೂ ತನ್ನ ಬೆನ್ನನ್ನು ತಾನೇ ತಿಕ್ಕಿಕೊಳ್ಳಲಾರ.

ಅಲ್ಲಿಂದ ನಾಲ್ಕು ನೂರು ವರ್ಷ ಮುಂದೆ ಬಂದರೆ ವಿಜಯನಗರ. 1520ರ ಸುಮಾರಿಗೆ ಅಲ್ಲಿಗೆ ಬಂದ ಪೋರ್ತುಗೀಜ ದೊಮಿಂಗೊ ಪಾಯೆಸ್ ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ರಾಯನು ಬೆಳಗಾಗುವ ಮುನ್ನವೇ ಎದ್ದು ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಅದೇ ಎಣ್ಣೆಯನ್ನು ಹಚ್ಚಿಕೊಂಡು, ಭಾರವನ್ನೆತ್ತಿ ಕತ್ತಿ ತಿರುಗಿಸಿ ಆ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಸಾಧನೆ ಮಾಡುತ್ತಿದ್ದನಂತೆ. ಆಮೇಲೆ ಕುಸ್ತಿ, ಕುದುರೆ ಸವಾರಿ. ಕೊನೆಗೆ ಒಬ್ಬ ಬ್ರಾಹ್ಮಣನು ಅವನಿಗೆ ಸ್ನಾನ ಮಾಡಿಸುತ್ತಿದ್ದನು. ಇಲ್ಲಿಯೂ ಎರೆಯುವ ಕೈ ಇನ್ನೊಬ್ಬರದೇ. ಹಂಪೆಯಲ್ಲಿ ಇಂದು ರಾಣಿಯ ಸ್ನಾನಗೃಹವೆಂದು ತೋರಿಸುವ ಕಟ್ಟಡದ ನಡುವಿನ ಕೊಳ ಚಚ್ಚೌಕವಾಗಿದೆ. ಬದಿ ಸುಮಾರು ಹದಿನೈದು ಮೀಟರು, ಆಳ ಸುಮಾರು ಆರು ಅಡಿ. ಸುತ್ತ ಕಮಾನಿನ ಪಡಸಾಲೆ, ಕೊಳದ ಮೇಲೆ ಚಾಚಿದ ಗವಾಕ್ಷಗಳು. ‘ರಾಣಿ’ಯ ಹೆಸರು ಜನರು ಮುಂದೆ ಇಟ್ಟುಕೊಂಡದ್ದು. ಬೀದರದ ಕೋಟೆಯೊಳಗಿನ ಹಮಾಮಿನಲ್ಲಿ ಈಗ ವಸ್ತುಸಂಗ್ರಹಾಲಯವಿದೆ.

ಅರಸರ ಮಾತು ಇಷ್ಟು ಸಾಕು. ನಮ್ಮ ನಿಮ್ಮ ಮನೆಗಳ ಬಚ್ಚಲಿಗೆ ಗವಾಕ್ಷವಿರಲಿಲ್ಲ. ಹೊಗೆಯಿಂದ ಕರ್ರಗಾದ ಗೋಡೆಯಿತ್ತು. ಒಲೆಯ ಮೇಲೆ ಹೂತು ಕೂರಿಸಿದ ತಾಮ್ರದ ಹಂಡೆ, ಕೆಳಗೆ ತೆಂಗಿನ ಗರಿ, ಅಡಿಕೆಯ ಸಿಪ್ಪೆ, ಇಲ್ಲವೆ ಜೋಳದ ದಂಟು. ಕುಳಿತುಕೊಳ್ಳಲು ಒರಟಾದ ಬಚ್ಚಲ ಕಲ್ಲು. ತಲೆಗೆ ಸೀಗೆಪುಡಿ, ಅಂಟುವಾಳ, ಕರಾವಳಿಯಲ್ಲಾದರೆ ದಾಸವಾಳದ ಎಲೆಯನ್ನು ಕಿವುಚಿ ತೆಗೆದ ಲೋಳೆ. ಸಾಬೂನು ಬಂದದ್ದು ತಡವಾಗಿ. ಮೊದಲನೆಯ ಮಹಾಯುದ್ಧದಲ್ಲಿ ಶ್ರೀಗಂಧದ ರಫ್ತು ಕೆಟ್ಟುಹೋದಾಗ ಮೈಸೂರು ಸಂಸ್ಥಾನವು 1916ರಲ್ಲಿ ಗಂಧದೆಣ್ಣೆಯನ್ನು ತಾನೇ ತೆಗೆಯತೊಡಗಿತು. ಆ ಎಣ್ಣೆಯಿಂದ ಮೈಸೂರು ಸ್ಯಾಂಡಲ್ ಸಾಬೂನು ಹುಟ್ಟಿತು. ಊರಿನಿಂದ ಮುಂಬಯಿಗೆ ಬರುವವರ ಟ್ರಂಕಿನಲ್ಲಿ ಅದರ ಒಂದು ಡಬ್ಬಿ ಇದ್ದೇ ಇರುತ್ತಿತ್ತು. ಬಟ್ಟೆಗೆಲ್ಲ ಅದರದೇ ವಾಸನೆ.

ಆ ಟ್ರಂಕು ಬಂದು ಇಳಿದದ್ದೆಲ್ಲಿ? 1896ರ ಪ್ಲೇಗಿನ ಅನಂತರ ಮುಂಬಯಿ ಸರಕಾರಕ್ಕೆ ಬಡವರ ವಸತಿಯ ಚಿಂತೆ ಹತ್ತಿತು. 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟು ಬಂತು; 1920ರ ದಶಕದಲ್ಲಿ ವರಳಿ, ನಾಯಗಾಂವ, ಶಿವಡಿಗಳಲ್ಲಿ ಬಿ.ಡಿ.ಡಿ. ಚಾಳುಗಳೆದ್ದವು. ಒಂದು ಸಂಸಾರಕ್ಕೆ 160 ಚದರಡಿಯ ಒಂದು ಕೋಣೆ. ಇಂಥ ಚಾಳುಗಳಲ್ಲಿ ಬಚ್ಚಲೆಂದರೆ ಮೂಲೆಯ ಮೋರಿ. ಬಾಗಿಲೆಂದರೆ ಹಗ್ಗದ ಮೇಲೆಸೆದ ಹಳೆಯ ಸೀರೆ. ಹೋಟೆಲಿನಲ್ಲಿ ದುಡಿಯಲು ಬಂದ ಹುಡುಗರಿಗೆ ಅದೂ ಇರಲಿಲ್ಲ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಹಿತ್ತಿಲ ನಳದ ಕೆಳಗೆ ಒಬ್ಬನ ತಲೆಗೆ ಇನ್ನೊಬ್ಬನು ಡಬ್ಬಿಯಿಂದ ನೀರು ಸುರಿಯುತ್ತಿದ್ದನು. ಹನ್ನೆರಡು ಹದಿಮೂರು ವಯಸ್ಸಿನ ಮಕ್ಕಳು. ತಾಯಿ ಎರೆಯುವುದು ನೆನಪಾಗಿ ಅತ್ತರೂ ನೀರಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲವೆಂದು ಹಿರಿಯರೊಬ್ಬರು ನಮಗೆ ಹೇಳಿದ್ದರು. ಅಂಥವರಿಗೆ ವರ್ಷಕ್ಕೊಮ್ಮೆ ಭಿವಂಡಿಯಾಚೆಯ ವಜ್ರೇಶ್ವರಿ, ಗಣೇಶಪುರಿಗಳ ಬಿಸಿನೀರಿನ ಕುಂಡವೇ ಹಂಡೆ. ತುಳುನಾಡಿನಲ್ಲಿ ಬಹುಕಾಲ ಸಂಚರಿಸಿದ ನಿತ್ಯಾನಂದ ಸ್ವಾಮಿಗಳು 1961ರಲ್ಲಿ ದೇಹವಿಟ್ಟ ಕ್ಷೇತ್ರವದು. ನಮ್ಮವರು ಇಂದಿಗೂ ಅಲ್ಲಿಗೆ ಹೋಗುತ್ತಾರೆ.

1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ಖಾಡಿಯಾಚೆ ಹೊಸ ನಗರವೆದ್ದಿತು. ಚಾಳಿನವರ ಮಕ್ಕಳು ನೆರೂಳ, ಖಾರಘರ, ಕಾಮೋಠೆಗಳಿಗೆ ಬಂದು ಸ್ವಂತ ಮನೆ ಮಾಡಿದರು; ಬಾಗಿಲೂ ಅಗುಳಿಯೂ ಉಳ್ಳ ಬಚ್ಚಲು ದೊರಕಿತು. ಇದು ಸಣ್ಣ ಮಾತಲ್ಲ, ಹೆಂಗಸರಿಗಂತೂ ಅಲ್ಲವೇ ಅಲ್ಲ. ಆದರೆ ಆ ಬಾಗಿಲಿನೊಳಗೆ ಒಬ್ಬರಿಗೆ ಮಾತ್ರ ಜಾಗ.

ಇನ್ನು ನಮ್ಮ ತಪ್ಪನ್ನು ಹೇಳಿಕೊಳ್ಳಬೇಕು. ಈ ಸ್ಪಾ ನಮ್ಮ ಮನೆಗೂ ಬಂದಿತ್ತು. ಗಾಜಿನ ಗೋಡೆಯನ್ನು ಆರಿಸಿದವರು ನಾವೇ. ಶಿರಸಿಯ ಕಡೆಯಿಂದ ನಮ್ಮ ತಾಯಿಯವರು ಬಂದಾಗ ಅದನ್ನು ಹೆಮ್ಮೆಯಿಂದ ತೋರಿಸಿದೆವು. “ಇದೇನು ಬಚ್ಚಲೋ, ಗಾಜಿನ ಪೆಟ್ಟಿಗೆಯೋ?” ಎಂದರು. ನಾಲ್ಕನೆಯ ದಿನ ನುಣುಪು ನೆಲದ ಮೇಲೆ ಜಾರಿದರು. ಮುಂಗೈ ಮೂಳೆ ಮುರಿದು ಆರು ವಾರ ಕಟ್ಟು. ಆಗ ಅವರಿಗೆ ಎರೆಯುವವರು ಬೇಕಾಯಿತು. ಮನೆಯವರು ಒಳಗೆ ಹೋಗಿ ನಿಲ್ಲಲು ಆ ಪೆಟ್ಟಿಗೆಯಲ್ಲಿ ತೆರಪಿರಲಿಲ್ಲ. ಹೊರಗೆ ನಿಂತು ಕೈ ಚಾಚಿದರೆ ಅರ್ಧ ನೀರು ಗೋಡೆಗೆ. ಎಂಟನೆಯ ದಿನ ಗಾಜನ್ನು ಕಳಚಿಸಿದೆವು. ಹದಿನೈದು ದಿನಗಳೊಳಗೆ ನುಣುಪಾದ ಚಪ್ಪಡಿಯನ್ನು ತೆಗೆಸಿ ಒರಟು ಫರಸಿ ಹಾಕಿಸಿ, ಗೋಡೆಗೆ ಹಿಡಿಕೆ ಬಡಿಸಿ, ಒಂದು ಗಟ್ಟಿ ಮಣೆ ಇಟ್ಟೆವು. ಗ್ಯಾಸಿನ ಗೀಸರು ಒಳಗಿತ್ತು, ಅದನ್ನೂ ಕೀಳಿಸಿದೆವು. ಗಾಳಿಯಾಡದ ಬಚ್ಚಲಿನಲ್ಲಿ ಅದು ಉರಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿ, ಒಳಗಿರುವವರು ಕೂಗಲೂ ಆಗದೆ ಬಿದ್ದುಬಿಡುತ್ತಾರೆ. ಮನೆಯಲ್ಲಿ ಅಂಥದಿದ್ದವರು ಇಂದೇ ಗಮನಿಸಿರಿ. ನೀರಿನ ಲೆಕ್ಕವೂ ಅಷ್ಟೇ. ಆ ಅಗಲ ಶಾವರಿನಡಿ ಹತ್ತು ನಿಮಿಷ ನಿಂತರೆ ನೂರು ಲೀಟರಿನ ಹತ್ತಿರ. ತಾಯಿಯವರಿಗೆ ಎರಡು ಬಕೀಟು ಸಾಕಾಗುತ್ತಿತ್ತು. ಮೇ ತಿಂಗಳಲ್ಲಿ ಕೆಳಗೆ ಟ್ಯಾಂಕರಿನ ಹಾದಿ ಕಾಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಷ್ಟರಲ್ಲಿ ದೀಪಾವಳಿ ಬಂತು. ರಾಜ್ಯೋತ್ಸವದ ಹಿಂದೆ ಮುಂದೆಯೇ ಬರುವ ಹಬ್ಬ ಅದು. ತ್ರಯೋದಶಿಯ ರಾತ್ರಿ ನೀರು ತುಂಬುವ ಹಬ್ಬ. ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣುಗಳಿಂದ ಬರೆದು, ಹಿಂಡಲಕಾಯಿಯ ಬಳ್ಳಿ ಸುತ್ತಿ, ಹೊಸ ನೀರು ತುಂಬುವುದು ನಮ್ಮ ಕಡೆಯ ಪದ್ಧತಿ. ಮರಾಠಿ ನೆರೆಯವರು ಅಂಥದೇ ಕಹಿಕಾಯಿಯನ್ನು ಕಾರೀಟವೆಂದು ಕರೆದು, ಅಭ್ಯಂಗಕ್ಕೆ ಮೊದಲು ಕಾಲಿನಿಂದ ಒಡೆಯುತ್ತಾರೆ. ಎದುರುಮನೆಯವರು ನಾಲ್ಕು ಕಾಯಿ, ಒಂದು ಪೊಟ್ಟಣ ಉಟಣೆ ತಂದುಕೊಟ್ಟರು. ಹಂಡೆ ಎಲ್ಲಿಂದ ತರೋಣ? ತಾಯಿಯವರು ಸ್ವಲ್ಪ ಹೊತ್ತು ಆಚೀಚೆ ನೋಡಿ, ಹೊಸದಾಗಿ ಹಾಕಿಸಿದ ವಿದ್ಯುತ್ತಿನ ಗೀಸರಿಗೇ ಚೆಂಡುಹೂವಿನ ಮಾಲೆ ಸುತ್ತಿಸಿ ಕುಂಕುಮ ಹಚ್ಚಿದರು.

ಬೆಳಗಿನ ನಾಲ್ಕೂವರೆಗೆ ನಮ್ಮನ್ನು ಎಬ್ಬಿಸಿದರು. ಕೈಯ ಕಟ್ಟು ಬಿಚ್ಚಿ ವಾರವಾಗಿತ್ತಷ್ಟೆ. ಅರುವತ್ತು ದಾಟಿದ ನಾವು ಮಣೆಯ ಮೇಲೆ ಕುಳಿತೆವು. ಬೆಚ್ಚಗಿನ ಎಣ್ಣೆಯನ್ನು ನೆತ್ತಿಗೆ ಒತ್ತಿ, ಎಡಗೈಯಲ್ಲಿ ತಂಬಿಗೆ ಎತ್ತಿಕೊಂಡು, “ಸೀಗೆ ಹಾಕುತ್ತೇನೆ, ಕಣ್ಣು ಮುಚ್ಚಿಕೋ” ಎಂದರು.